ಎಡ್ನವ್ವನ ಸೀಟಿ

ಎಂಜಿನ್ನಿನ ನೆತ್ತಿಯ ಮೇಲೆ ಸೀಟಿ ಇರಲಿಲ್ಲ.

ಮೊದಲು ಕಂಡವರು ಬಸಲಿಂಗಮ್ಮ. ವಿಜಯದಶಮಿಯ ಬೆಳಿಗ್ಗೆ. ಕೈಯಲ್ಲಿ ಆರತಿ ತಟ್ಟೆ, ಬಾಯಲ್ಲಿ ಅರ್ಧ ಹಾಡು. ಎತ್ತಿದ ಆರತಿ ಎತ್ತಿದಲ್ಲೇ ನಿಂತಿತು.

"ಸ್ಮಿತಾ, ಇಲ್ಲಿ ಬಾ. ನಮ್ಮ ಎಡ್ನವ್ವನ ಸೀಟಿ ಎಲ್ಲೈತಿ?"

ಮಗಳು ಸ್ಮಿತಾ ಶೆಡ್ಡಿನ ಬಾಗಿಲಿನಿಂದ ಓಡಿ ಬಂದಳು. ಹೊಗೆ ಕೊಳವೆಯ ಹಿಂದೆ, ಮೊಳದುದ್ದದ ಹಿತ್ತಾಳೆ ಸೀಟಿ ಇರಬೇಕಾದ ಜಾಗದಲ್ಲಿ ಬಿಳಿ ಬಟ್ಟೆಯ ಒಂದು ಗಂಟು ಕೂತಿತ್ತು. ಪಕ್ಕದಲ್ಲಿ ನಿನ್ನೆ ಸಂಜೆ ಏರಿಸಿದ ಚೆಂಡು ಹೂವಿನ ಹಾರ ಬಾಡದೆ ಹಾಗೆಯೇ ಇತ್ತು.

"ಈಶಣ್ಣ!" ಎಂದು ಕೂಗಿದಳು.

ಎಡ್ನಾ ಎಂದರೆ ಉಗಿ ಎಂಜಿನ್ನು. ಮರಿಯಾನೆಯಷ್ಟು ಎತ್ತರ, ಕರೀ ಮೈ. ಪ್ರಾಯದಲ್ಲಿ ಯಾವುದೋ ಕಲ್ಲುಗಣಿಯಲ್ಲಿ ದುಡಿದು, ಮುಪ್ಪಿನಲ್ಲಿ ಮಿಲ್ ಬ್ರೂಕ್ ಕಾಡಿನ ಈ ಪುಟ್ಟ ರೈಲಿಗೆ ಬಂದವಳು. ಪ್ರಿನ್ಸ್‌ಟನ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ಡ್ರೈವ್. ಎರಡು ಹಳಿಗಳ ನಡುವೆ ಎರಡೇ ಅಡಿ ಅಂತರ. ಮರದ ಬೆಂಚಿನ ಮೂರು ಹಳೆಯ ಡಬ್ಬಿಗಳು, ಒಂದು ಕೆಂಪು ಗಾರ್ಡ್ ಡಬ್ಬಿ, ಕೈಯಿಂದ ಒತ್ತಿ ಓಡಿಸುವ ಒಂದು ಟ್ರಾಲಿ. ನಡೆಸುವವರೆಲ್ಲ ಹವ್ಯಾಸಿಗಳು. ವಾರವೆಲ್ಲ ಕಂಪ್ಯೂಟರು, ಪಾಠ, ಆಸ್ಪತ್ರೆ. ಶನಿವಾರ ಬಂತೆಂದರೆ ಮೈಯೆಲ್ಲ ಮಸಿ. ಅವರ ಮನೆಯವರು ವಾಷಿಂಗ್ ಮೆಷೀನಿನ ಮುಂದೆ ನಿಂತು ಬೈಯುವುದನ್ನು ಕೇಳಬೇಕು!

ಬೈಗುಳಕ್ಕೂ ಇನ್ನು ಎರಡೇ ದಿನ. ಕಾಡಿನ ಗುತ್ತಿಗೆ ಮುಗಿದಿತ್ತು. ಆ ಜಾಗದಲ್ಲಿ ದೊಡ್ಡ ಗೋಡೌನು ಏಳಲಿತ್ತು. ಎಡ್ನಾಳನ್ನು ಕೊಲೊರಾಡೋದ ಒಂದು ಮ್ಯೂಸಿಯಂ ಕೊಂಡಿತ್ತು. ಭಾನುವಾರ ಕೊನೆಯ ಓಟ, ಸೋಮವಾರ ಟ್ರಕ್ಕು.

ಹವ್ಯಾಸಿಗಳ ಸಂಘದ ಅಧ್ಯಕ್ಷ ರಾಲ್ಫ್ ಡೆವ್ರೀಸ್ ಬಂದು ಮೇಲೆ ನೋಡಿದ. ಬೆಳ್ಳಿಗೂದಲ ಎತ್ತರದ ಮುದುಕ. ಬೋಸ್ಟನ್ನಿನ ಮಗಳ ಮನೆಯಿಂದ ಆಗಷ್ಟೇ ಬಂದಿಳಿದಿದ್ದ.

"ಶೆಡ್ಡಿನ ಬೀಗ ಒಡೆದಿದೆಯೇ?"

"ಇಲ್ಲ," ಎಂದಳು ಸ್ಮಿತಾ.

"ಬೀಗದ ಕೈ ಮೂರು. ಒಂದು ನನ್ನ ಹತ್ತಿರ. ಒಂದು ಮೋನಪ್ಪನ ಹತ್ತಿರ, ಅವನು ಇಂಡಿಯಾದಲ್ಲಿದ್ದಾನೆ." ಡೆವ್ರೀಸ್ ಮೂರನೆಯದರ ಮಾತೆತ್ತಲಿಲ್ಲ.

ಎತ್ತುವ ಅಗತ್ಯವೂ ಇರಲಿಲ್ಲ. ಮೂರನೆಯದು ಈಶಣ್ಣನ ಸೊಂಟದಲ್ಲೇ ನೇತಾಡುತ್ತಿತ್ತು. ಬೈಲಹೊಂಗಲದ ಈಶಣ್ಣ ವಾರದಲ್ಲಿ ಸಮರ್‌ಸೆಟ್‌ನ ಆಫೀಸ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು, ವಾರಾಂತ್ಯಕ್ಕೆ ಎಡ್ನಾಳ ಡ್ರೈವರು. ಮಾರಾಟದ ಮೀಟಿಂಗಿನಲ್ಲಿ ಟೇಬಲ್ ಗುದ್ದಿ, "ಈ ಎಂಜಿನ್ ಈ ಶೆಡ್ ದಾಟೋದಿಲ್ಲ, ನೋಡ್ತಿರಿ," ಎಂದು ಎಲ್ಲರ ಮುಂದೆ ಅಂದವನೂ ಅವನೇ.

"ನಾಳೆ ಬೆಳಿಗ್ಗೆ ಹತ್ತಕ್ಕೆ ರೈಲು ಹೊರಡುತ್ತದೆ," ಎಂದ ಡೆವ್ರೀಸ್. "ಅಷ್ಟರಲ್ಲಿ ಸೀಟಿ ಸಿಗದಿದ್ದರೆ ನಾನು ಪೊಲೀಸರನ್ನು ಕರೆಯಲೇಬೇಕು. ಎಂಜಿನ್ ಈಗ ನಮ್ಮದಲ್ಲ, ಮ್ಯೂಸಿಯಂನದು. ಸ್ಮಿತಾ, ಮಾತ್ರೆಯಲ್ಲಿ ಕಪ್ಪು ಚುಕ್ಕೆ ಸಿಕ್ಕರೆ ಎಲ್ಲಿಂದ ಬಂತೆಂದು ಹುಡುಕುವವಳು ನೀನು. ಇದನ್ನೂ ಹುಡುಕಿಕೊಡು."

ನಿಜ. ಪ್ರಿನ್ಸ್‌ಟನ್‌ನ ಒಂದು ಔಷಧ ಕಂಪನಿಯಲ್ಲಿ ಸ್ಮಿತಾಳ ಕೆಲಸವೇ ಅದು. ಎಲ್ಲ ಸರಿಯಿದ್ದ ಕಡೆ ಸರಿಯಿಲ್ಲದ ಒಂದನ್ನು ಹುಡುಕುವುದು.

ಈಶಣ್ಣ ಅವಳನ್ನು ಪಕ್ಕಕ್ಕೆ ಕರೆದ.

"ಅಕ್ಕಾರ, ಮುಂದಿನ ತಿಂಗಳ ನನ್ನ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಐತ್ರಿ. ಹನ್ನೊಂದು ವರ್ಷ ಕಾದೀನಿ. ಪೊಲೀಸ್ ರಿಪೋರ್ಟಿನಾಗ ನನ್ನ ಹೆಸರು ಬಂತಂದ್ರ ಮುಗೀತು. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಗಂಟುಮೂಟೆ ಕಟ್ಟೋದಷ್ಟ."

"ನೀವು ತಗೊಂಡೀರೇನು?"

"ಬಸವಣ್ಣನ ಆಣಿ, ಇಲ್ರಿ."

*

ಸ್ಮಿತಾಳ ಮನಸ್ಸಿನಲ್ಲಿ ಒಂದು ಕೆಟ್ಟ ಆಸೆ ಇತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೀಟಿ ಸಿಗದಿದ್ದರೆ ಮ್ಯೂಸಿಯಂನವರು ಬೇಡ ಅಂದಾರು. ಎಡ್ನಾ ಇಲ್ಲೇ ಉಳಿದಾಳು.

ಅವಳ ಅಪ್ಪ ಗದಗ ಕಡೆಯ ಮೀಟರ್ ಗೇಜಿನಲ್ಲಿ ಉಗಿ ಎಂಜಿನ್ ಡ್ರೈವರು. ಅಪ್ಪನೂ ಇಲ್ಲ, ಆ ಹಳಿಯೂ ಇಲ್ಲ, ಇವರಿದ್ದ ಕ್ವಾರ್ಟರ್ಸೂ ಇಲ್ಲ. ಊರಿಗೆ ಹೋದರೆ ಅಪ್ಪ ಸಿಗುವುದಿಲ್ಲ. ಎಡ್ನಾಳ ಪಕ್ಕ ನಿಂತರೆ, ಕಲ್ಲಿದ್ದಲು ಮತ್ತು ಬಿಸಿ ಎಣ್ಣೆಯ ಆ ವಾಸನೆಯಲ್ಲಿ, ಅಪ್ಪನ ಅಂಗಿ ಸಿಗುತ್ತಿತ್ತು. ಸೋಮವಾರದಿಂದ ಅದೂ ಇಲ್ಲ.

ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದಲ್ಲ. ಏಣಿ ಹಾಕಿ ಮೇಲೆ ಹತ್ತಿದಳು.

ಬಿಳಿ ಗಂಟು ಒಂದು ಕೈ ಒರೆಸುವ ಟವೆಲ್ಲು. ಹೊಸದಲ್ಲ, ಆದರೆ ಹಾಲಿನಷ್ಟು ಬಿಳುಪು. ಬ್ಲೀಚಿನ ವಾಸನೆ. ಉದ್ದಕ್ಕೆ ಮೂರು ಮಡಿಕೆ ಮಾಡಿ, ಅಂಚನ್ನು ಒಳಗೆ ಸಿಕ್ಕಿಸಿ, ಮೇಲೆ ದಾರ ಬಿಗಿದಿದ್ದರು. ಬಿಚ್ಚಿ ನೋಡಿದರೆ ಕೆಳಗಿನ ಕೊಳವೆಯ ಬಾಯಿಗೆ ತುಕ್ಕು ಹಿಡಿಯದಂತೆ ಎಣ್ಣೆ ಕೂಡ ಸವರಿತ್ತು.

ಕಳ್ಳರು ಎಲ್ಲಿಯಾದರೂ ಗಾಯಕ್ಕೆ ಪಟ್ಟಿ ಕಟ್ಟಿ ಹೋಗುತ್ತಾರೆಯೇ?

ಕೆಳಗಿಳಿದು ಬೆಂಚಿನ ಹತ್ತಿರ ಬಂದಳು. ನಿನ್ನೆ ಸಂಜೆ ಅಲ್ಲಿ ಖಂಡೇಪೂಜೆ, ಎಂದರೆ ಆಯುಧಪೂಜೆ, ಆಗಿತ್ತು. ಶೆಡ್ಡಿನ ಪಾನಾ, ಸುತ್ತಿಗೆ, ಗರಗಸ, ಎಣ್ಣೆ ಡಬ್ಬಿ ಎಲ್ಲವನ್ನೂ ತೊಳೆದು ಕೆಂಪು ಬಟ್ಟೆಯ ಮೇಲೆ ಸಾಲಾಗಿಟ್ಟು, ಬಸಲಿಂಗಮ್ಮ ತಾವೇ ಒಂದೊಂದಕ್ಕೂ ವಿಭೂತಿ ಹಚ್ಚಿದ್ದರು. ಮಾರನೆಯ ಆರತಿ ಆಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಡೆವ್ರೀಸ್ ಕೂಡ ವರ್ಷದಲ್ಲಿ ಆ ಒಂದು ದಿನ ಸ್ಕ್ರೂಡ್ರೈವರಿಗೆ ಕೈ ಹಾಕುವುದಿಲ್ಲ. ಹಾಕಿದರೆ ಬಸಲಿಂಗಮ್ಮ ಸುಮ್ಮನಿರುತ್ತಾರೆಯೇ?

ಎಲ್ಲ ಇಟ್ಟ ಹಾಗೆಯೇ ಇತ್ತು. ಸೀಟಿ ಬಿಚ್ಚಲು ಬೇಕಾಗುವ ದೊಡ್ಡ ಪೈಪ್ ಪಾನಾ ಕೂಡ ಸಾಲಿನ ಕೊನೆಯಲ್ಲಿ ಹೂವು ಮುಡಿದು ಮಲಗಿತ್ತು. ಸ್ಮಿತಾ ಎರಡು ಸಲ ನೋಡಿದಳು. ಏನೋ ಚುಚ್ಚಿತು. ಏನೆಂದು ತಿಳಿಯಲಿಲ್ಲ. ಫೋನು ತೆಗೆದು ಒಂದು ಫೋಟೋ ಹೊಡೆದುಕೊಂಡಳು.

"ಈಶಣ್ಣ, ನಿನ್ನೆ ಪೂಜೆ ಮುಗಿಸಿ ಎಲ್ಲಾರೂ ನಮ್ಮನಿಗೆ ಊಟಕ್ಕ ಬಂದ್ರು. ನೀವು ಒಂದು ತಾಸು ತಡಾ ಬಂದ್ರಿ. ಯಾಕ?"

ಈಶಣ್ಣನ ಕೈ ತಾನಾಗಿಯೇ ಕಾಲರಿಗೆ ಹೋಯಿತು. ಹೊರಗೆ ಅಂಗಳದ ತುಂಬ ಮಕ್ಕಳಿಗೆ ಹಂಚಲು ತಂದ ಕುಂಬಳಕಾಯಿ ರಾಶಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನ ಕಥೆ.

"ಟ್ರಾಫಿಕ್ ಇತ್ರಿ."

"ಈ ಕಾಡಿನಾಗ?"

ಅವನು ನೆಲ ನೋಡಿದ. "ಒಬ್ಬನ ಎಡ್ನಾ ಜೋಡಿ ಕುಂತಿದ್ದೆ, ಅಕ್ಕಾರ. ಕ್ಯಾಬಿನೊಳಗ. ಅತ್ತುಬಿಟ್ಟೆ. ನಗಬ್ಯಾಡ್ರಿ. ಆಮ್ಯಾಲೆ ಬೀಗ ಹಾಕಿ ಬಂದೆ. ಆವಾಗ ಸೀಟಿ ಅಲ್ಲೇ ಇತ್ತು."

ಸ್ಮಿತಾ ನಗಲಿಲ್ಲ. ಆದರೆ ಪೊಲೀಸರು ನಗುತ್ತಾರೆ. ಕೊನೆಯದಾಗಿ ಒಳಗಿದ್ದವನು ಇವನೇ, ಬೀಗ ಹಾಕಿದವನೂ ಇವನೇ.

ಮೋನಪ್ಪ ಅಂಕಲ್ ಮನೆಗೆ ಫೋನ್ ಮಾಡಿದಳು. ಮೋನಪ್ಪ ಉಡುಪಿ ಕಡೆಯವರು; ಸಮರ್‌ಸೆಟ್‌ನಲ್ಲಿ ಒಂದು ಸಣ್ಣ ಮೋಟೆಲ್ ನಡೆಸುವವರು. ಈಶಣ್ಣನಿಗೆ ಎಂಜಿನ್ ಓಡಿಸಲು ಕಲಿಸಿದ ಗುರು. ಏಪ್ರಿಲ್‌ನಲ್ಲಿ ಯಾರಿಗೂ ಒಂದು ಮಾತು ಹೇಳದೆ ಊರಿಗೆ ಹೋದವರು ಇನ್ನೂ ಬಂದಿರಲಿಲ್ಲ. ಹೆಂಡತಿ ಸುಜಾತಾ ಮೋಟೆಲ್ ನೋಡಿಕೊಂಡು ಇಲ್ಲೇ ಇದ್ದರು. ನಿನ್ನೆ ಪೂಜೆಗೆ ಹೂವು ತಂದು ಕೊಟ್ಟು, ಊಟಕ್ಕೆ ನಿಲ್ಲದೆ ಹೋಗಿದ್ದರು.

"ಆಂಟಿ, ಅಂಕಲ್ ಹತ್ರ ಶೆಡ್ಡಿನ ಕೀ ಇತ್ತಲ್ಲ, ಅದು ಎಲ್ಲಿದೆ?"

"ಅದು ಅವರ ಬ್ಯಾಗಿನಲ್ಲೇ ಉಂಟು ಮಾರಾಯ್ತಿ. ಊರಿಗೆ ತಕೊಂಡು ಹೋಗಿದ್ದಾರೆ. ಯಾಕೆ?"

"ಏನಿಲ್ಲ ಆಂಟಿ, ಆಮೇಲೆ ಹೇಳ್ತೀನಿ."

*

ಡೆಲವೇರ್ ನದಿ ದಾಟಿದರೆ ಹಳೆಯ ಸೀಟಿಗಳನ್ನು ಕೂಡಿಹಾಕುವ ಮುದುಕ ಕಾರ್ಲ್ ಸ್ಟೆಂಗೆಲ್ ಮನೆ. ಎಡ್ನಾಳ ಸೀಟಿಯ ಮೇಲೆ ಅವನು ಕಣ್ಣಿಟ್ಟು ವರ್ಷಗಳಾಗಿದ್ದವು. ಪ್ರತಿ ಬೇಸಿಗೆ ಬಂದು, ಕೊಡುತ್ತೀರಾ ಎಂದು ಕೇಳುವುದು, ಡೆವ್ರೀಸ್ ಇಲ್ಲ ಎನ್ನುವುದು ವಾಡಿಕೆ.

ಕಾರ್ಲನ ಗರಾಜಿನ ಗೋಡೆ ತುಂಬ ಸೀಟಿಗಳು. ಸಾಲುಸಾಲಾಗಿ, ಫಳಫಳ. ಎಡ್ನಾಳದು ಮಾತ್ರ ಇರಲಿಲ್ಲ.

"ಕದ್ದರೇ?" ಅವನ ಮುಖ ನಿಜವಾಗಿಯೂ ಇಳಿಯಿತು. "ಹೇಗೆ ಬಿಚ್ಚಿದ್ದಾರೆ?"

ಸ್ಮಿತಾ ಟವೆಲ್ಲಿನ ವಿಷಯ ಹೇಳಿದಳು.

"ಹಾಗಾದರೆ ನನ್ನಂಥವನಲ್ಲ. ಸೀಟಿ ಬೇಕಾದವನಿಗೆ ಸೀಟಿ ಸಿಕ್ಕರೆ ಸಾಕು. ಕೊಳವೆಯ ಬಾಯಿ ಮುಚ್ಚಿದ್ದಾರೆ ಅಂದರೆ ತಿರುಗಿ ತಂದು ಕೂರಿಸುವ ಮನಸ್ಸಿದೆ." ಅವನು ಒಂದು ಸೀಟಿಗೆ ಕಂಪ್ರೆಸರಿನ ಕೊಳವೆ ಸಿಕ್ಕಿಸಿ ಗುಂಡಿ ಒತ್ತಿದ. ಗರಾಜು ಗುಂಯ್ ಎಂದಿತು. "ಕೇಳಿದೆಯಾ? ಜೋರಾಗಿದೆ, ಆದರೆ ಇದು ಅದರ ದನಿಯಲ್ಲ. ಬರಿ ಗಾಳಿಯಲ್ಲಿ ಊದಿದರೆ ಸ್ವರ ಇಳಿಯುತ್ತದೆ. ಉಗಿಯಲ್ಲಿ ಊದಿದರೇ ಏರುವುದು. ನನ್ನ ಹತ್ತಿರ ಇಷ್ಟೊಂದು ಸೀಟಿ ಇವೆ, ಒಂದರ ನಿಜವಾದ ದನಿಯೂ ಇಲ್ಲ."

ಮುದುಕ ಸ್ವಿಚ್ಚು ಆರಿಸಿ ಸುಮ್ಮನೆ ಗೋಡೆ ನೋಡುತ್ತ ನಿಂತ. ಅವನ ಮೇಲಿದ್ದ ಸಂಶಯ ಅಲ್ಲಿಗೇ ಹೋಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಸ್ಮಿತಾ ಮನೆಗೆ ಹೊರಟಳು.

*

ಬಸಲಿಂಗಮ್ಮ ಊಟಕ್ಕಿಟ್ಟು ಕಾಯುತ್ತಿದ್ದರು. ನಿನ್ನೆಯ ಹೋಳಿಗೆ, ಕಟ್ಟಿನ ಸಾರು.

"ಸಿಕ್ಕಿತೇನು?"

"ಇಲ್ಲವ್ವ. ಯಾರಿಗೆ ಬೇಕಾಗೇತಿ ಒಂದು ಸೀಟಿ?"

"ಯಾರಿಗ್ಯಾಕ ಬ್ಯಾಡ?" ಬಸಲಿಂಗಮ್ಮ ತುಪ್ಪ ಬಡಿಸುತ್ತ ಅಂದರು. "ನಿಮ್ಮಪ್ಪನ ಗಾಡಿ ಬರೂದು ನನಗ ಗಡಿಯಾರ ನೋಡಿ ಗೊತ್ತಾಗ್ತಿರಲಿಲ್ಲ. ಔಟರ್ ಸಿಗ್ನಲ್ ಹತ್ರ ಸೀಟಿ ಹೊಡೀತಿದ್ದ. ಎಲ್ಲಾ ಡ್ರೈವರೂ ಹೊಡೀತಿದ್ರು, ಆದರ ಅವನ ಕೈ ಬ್ಯಾರೆ. ಕೊನೀಗೆ ಹಗ್ಗ ತಟ್ಟನ ಬಿಡ್ತಿರಲಿಲ್ಲ. ಕೇಳಿದ ಕೂಡ್ಲೆ ಹಂಚು ಇಡ್ತಿದ್ದೆ. ಅವನು ಬಂದು ಕೈಕಾಲು ತೊಳ್ಕೊಳ್ಳೋದ್ರಾಗ ಬಿಸಿ ರೊಟ್ಟಿ." ತುಪ್ಪದ ಬಟ್ಟಲು ಕೆಳಗಿಟ್ಟರು. "ಈಗೂ ಒಮ್ಮೊಮ್ಮೆ ಸಂಜೀಕ ಕಿವಿ ಕಾಯ್ತಾವ ನೋಡು. ಹುಚ್ಚು ಕಿವಿ."

ಸ್ಮಿತಾ ಫೋನು ತೆಗೆದಳು. ನಿನ್ನೆ ಪೂಜೆಯಾದ ಕೂಡಲೇ ಬೆಂಚಿನ ಫೋಟೋ ತೆಗೆದಿದ್ದಳು. ಇವತ್ತು ಬೆಳಿಗ್ಗೆಯೂ ಒಂದು. ಎರಡನ್ನೂ ಒಂದರ ಪಕ್ಕ ಒಂದಿಟ್ಟಳು. ಕಂಪನಿಯಲ್ಲೂ ಮಾಡುವುದು ಇಷ್ಟೇ.

ಸುತ್ತಿಗೆ, ಹಾಗೆಯೇ. ಗರಗಸ, ಹಾಗೆಯೇ. ದೊಡ್ಡ ಪೈಪ್ ಪಾನಾ...

"ಅವ್ವ, ಇಲ್ಲಿ ನೋಡು. ನಿನ್ನೆ ಪಾನಾಕ್ಕ ನೀ ಏನು ಹಚ್ಚಿದ್ದಿ?"

"ಏನು ಹಚ್ಚತೀನಿ? ಮೂರು ಬಟ್ಟು ವಿಭೂತಿ, ನಡುವ ಕುಂಕುಮ."

ನಿನ್ನೆಯ ಫೋಟೋದಲ್ಲಿ ಹಾಗೆಯೇ ಇತ್ತು. ಇವತ್ತಿನದರಲ್ಲಿ ಮೂರು ಬಿಳಿ ಗೆರೆ ಇರಲಿಲ್ಲ. ಒಂದು ದುಂಡನೆಯ ಹಳದಿ ಬೊಟ್ಟು, ಅದರ ಮೇಲೆ ಕುಂಕುಮ.

"ಗಂಧ," ಎಂದರು ಬಸಲಿಂಗಮ್ಮ, ಕನ್ನಡಕ ಮೇಲೆತ್ತಿ. "ಇದು ನನ್ನ ಕೈಯಲ್ಲ. ನನ್ನ ವಿಭೂತಿ ಗಟ್ಟಿ ನನ್ನ ಸಂಚಿಯೊಳಗ ಮನೀಗೆ ಬಂದೈತಿ."

ಸ್ಮಿತಾ ಎದ್ದು ಕೈ ತೊಳೆದಳು. ಹೋಳಿಗೆ ತಟ್ಟೆಯಲ್ಲೇ ಉಳಿಯಿತು.

*

ಸಂಜೆಯ ಹೊತ್ತಿಗೆ ಸಮರ್‌ಸೆಟ್. ಮೋಟೆಲ್ಲಿನ ಆಫೀಸಿನ ಹಿಂದೆಯೇ ಮನೆ. ವರಾಂಡದಲ್ಲಿ ಒಂದು ತಳ್ಳುಗಾಡಿ. ಅದರ ಮೇಲೆ ಒಗೆದ ಟವೆಲ್ಲುಗಳು. ಎಲ್ಲವೂ ಹಾಲಿನಷ್ಟು ಬಿಳುಪು. ಎಲ್ಲವೂ ಉದ್ದಕ್ಕೆ ಮೂರು ಮಡಿಕೆ, ಅಂಚು ಒಳಗೆ.

ಬಾಗಿಲು ತೆರೆದ ಸುಜಾತಾ ಅವಳನ್ನು ಕಂಡು ನಗಲು ನೋಡಿದರು. ನಗು ಬರಲಿಲ್ಲ.

"ಆಂಟಿ, ಒಳಗೆ ಬರಬಹುದಾ?"

ಅವರು ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದರು. ಆಮೇಲೆ ಸರಿದರು.

ಊಟದ ಮೇಜಿನ ಮೇಲೆ ಹಾಸಿದ ಟವೆಲ್ಲಿನಲ್ಲಿ ಎಡ್ನಾಳ ಸೀಟಿ ಮಲಗಿತ್ತು. ಕೆಳಗೆ ಬಾಡಿಗೆಗೆ ತಂದ ಒಂದು ಕಂಪ್ರೆಸರು. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಆಸ್ಪತ್ರೆಯ ಮಂಚ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮನುಷ್ಯನ ಬೆನ್ನು.

ಊರಿಗೆ ಹೋಗಿದ್ದ ಮೋನಪ್ಪ ಅಂಕಲ್.

ಸ್ಮಿತಾ ಕುರ್ಚಿ ಎಳೆದು ಕೂತಳು.

"ಹೇಗೆ ಗೊತ್ತಾಯ್ತು ನಿನಗೆ?" ಸುಜಾತಾ ತಗ್ಗಿದ ದನಿಯಲ್ಲಿ ಕೇಳಿದರು.

"ಪಾನಾ, ಆಂಟಿ. ನೀವು ಹಿಡಿದಾಗ ಅವ್ವ ಹಚ್ಚಿದ್ದ ವಿಭೂತಿ ಅಳಿಸಿ ಹೋಯ್ತು. ಬೇರೆ ಕಳ್ಳ ಆಗಿದ್ರೆ ಬಿಸಾಕಿ ಹೋಗ್ತಿದ್ದ. ಕಾರ್ಲನಿಗೆ ಅದು ಧೂಳು. ನಿಮಗೆ ಪೂಜೆಗಿಟ್ಟ ವಸ್ತುವನ್ನ ಬೋಳಾಗಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ಕೈಲಿ ಇದ್ದದ್ದು ಹಚ್ಚಿದ್ರಿ. ಈಶಣ್ಣ ಆಗಿದ್ರೆ ವಿಭೂತಿನೇ ಹುಡುಕ್ತಿದ್ದ. ಗಂಧ ಹಚ್ಚೋ ಮನೆ ನಮ್ಮಲ್ಲಿ ನಿಮ್ಮದೊಂದೇ."

"ದೇವಸ್ಥಾನದ ಗಂಧ. ಇವರಿಗೆ ದಿನಾ ಹಚ್ಚುದು. ಪರ್ಸಿನಲ್ಲಿ ಇತ್ತು." ಸುಜಾತಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಟ್ಟಬಾರದಿದ್ದದ್ದನ್ನು ಮುಟ್ಟಿದೆ. ಹಚ್ಚಿ, ತಪ್ಪಾಯ್ತು ಅಂತ ಕೈ ಮುಗಿದು ಬಂದೆ."

"ಸೀಟಿ ಇದ್ದ ಕಡೆ ಕಟ್ಟಿದ ಟವೆಲ್ಲು ಹೊರಗಿನ ಗಾಡಿಯಲ್ಲಿ ಇರೋ ಥರವೇ ಮಡಿಸಿತ್ತು. ಬೀಗ ಒಡೆದಿರಲಿಲ್ಲ. ಡೆವ್ರೀಸ್ ಬೋಸ್ಟನ್‌ನಲ್ಲಿ, ಈಶಣ್ಣ ಅಲ್ಲ ಅಂದ್ಮೇಲೆ ಉಳಿದದ್ದು ಅಂಕಲ್ ಕೀ. ಅದು ಇಲ್ಲೇ ಇದೆ ಅಂದ್ರೆ..." ಸ್ಮಿತಾ ಕೋಣೆಯ ಕಡೆ ನೋಡಿದಳು. "ಆಂಟಿ, ಯಾಕೆ ಹೇಳಲಿಲ್ಲ?"

"ಏಪ್ರಿಲ್‌ನಲ್ಲಿ ಸ್ಟ್ರೋಕ್ ಆಯ್ತು. ಬಲಗೈ, ಬಲಗಾಲು ಹೋಯ್ತು. ಮಾತೂ ಹೋಯ್ತು. ಆಸ್ಪತ್ರೆಯಿಂದ ಬಂದ ದಿನ ಡೆವ್ರೀಸ್ ಫೋನ್ ಮಾಡಿದ್ರು. ಇವರು ಎಡಗೈಯಲ್ಲಿ ನನ್ನ ಕೈ ಗಟ್ಟಿ ಹಿಡ್ಕೊಂಡು ಬೇಡ ಬೇಡ ಅಂತ ತಲೆ ಅಲ್ಲಾಡಿಸಿದ್ರು. ಎಂಜಿನ್ ಓಡಿಸಿದ ಮನುಷ್ಯ. ಹೀಗೆ ಯಾರೂ ನೋಡಬಾರದು ಅಂತ. ನಾನು ಎಂತ ಹೇಳುವುದು? ಊರಿಗೆ ಹೋಗಿದ್ದಾರೆ ಅಂತ ಬಾಯಿಗೆ ಬಂತು. ಒಮ್ಮೆ ಹೇಳಿದ್ದು, ಮತ್ತೆ ತಿದ್ದಲಿಕ್ಕೆ ಆಗಲೇ ಇಲ್ಲ."

"ಮತ್ತೆ ಸೀಟಿ?"

"ಇವರು ಈಗ ಯಾವುದಕ್ಕೂ ತಿರುಗಿ ನೋಡುದಿಲ್ಲ, ಸ್ಮಿತಾ. ಟಿವಿ ಬೇಡ, ಯಕ್ಷಗಾನ ಬೇಡ. ಮಗ ನಿಹಾಲ್ ಬಂದರೂ ಅಷ್ಟೇ. ಫೋನಿನಲ್ಲಿ ಎಡ್ನಾನ ಸೀಟಿ ಹಾಕಿದೆ. ಅದು ಸೊಳ್ಳೆ ಕೂಗಿದ ಹಾಗೆ, ಎದೆಗೆ ತಾಗುದಿಲ್ಲ. ಸೋಮವಾರ ಅದು ಹೋಗ್ತದೆ. ನಿಜವಾದದ್ದನ್ನು ಒಂದೇ ಸಲ ಕೇಳಿಸ್ಬೇಕು ಅಂತ ಆಯ್ತು. ಕೇಳಿ ತಕೊಳ್ಳುವ ಅಂದ್ರೆ, ಯಾಕೆ ಅಂತ ಹೇಳ್ಬೇಕಲ್ಲ? ನೀವೆಲ್ಲ ಊಟಕ್ಕೆ ಹೋದ ಮೇಲೆ ವಾಪಸ್ ಬಂದೆ. ಈಶಣ್ಣನ ಕಾರು ಇತ್ತು. ಅವನು ಒಳಗೆ ಅಳ್ತಾ ಇದ್ದ, ಪಾಪ. ಅವನು ಹೋಗುವ ತನಕ ಕಾದೆ."

"ಬಿಚ್ಚಿದ್ದು ನೀವೊಬ್ರೇನಾ?"

"ಮೋಟೆಲ್ ನಡೆಸುವವಳಿಗೆ ಪೈಪು ಬಿಚ್ಚಲಿಕ್ಕೆ ಬರುದಿಲ್ವಾ?" ಆ ದುಃಖದಲ್ಲೂ ಸುಜಾತಾರಿಗೆ ಒಂದಿಷ್ಟು ಸಿಟ್ಟು ಬಂತು. "ಇವತ್ತು ಮಧ್ಯಾಹ್ನದೊಳಗೆ ತಂದು ಕೂರಿಸುವ ಅಂತಿದ್ದೆ. ಬೆಳಿಗ್ಗೆ ನಿಹಾಲ್ ಕಂಪ್ರೆಸರ್ ಇಟ್ಟು ಊದಿದ. ಹನ್ನೆರಡನೇ ರೂಮಿನವರು ಫೈರ್ ಅಲಾರ್ಮ್ ಅಂತ ಟವೆಲ್ ಸುತ್ತಿಕೊಂಡು ಹೊರಗೆ ಓಡಿದ್ರು. ಇವರು..." ಅವರು ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. "ಇವರು ಗೋಡೆ ಕಡೆ ತಿರುಗಿ ಮಲಗಿದ್ರು. ಅಲ್ಲಿಂದ ಈ ಕಡೆ ತಿರುಗ್ಲೇ ಇಲ್ಲ. ಆಮೇಲೆ ನಿನ್ನ ಫೋನ್ ಬಂತು. ವಾಪಸ್ ತರಲಿಕ್ಕೆ ಹೆದರಿಕೆ ಆಯ್ತು."

"ಆಂಟಿ, ಈಶಣ್ಣನ ಮೇಲೆ ಬಂದಿದೆ. ನಾಳೆ ಹತ್ತಕ್ಕೆ ಪೊಲೀಸರನ್ನ ಕರೀತಾರೆ. ಅವನ ಗ್ರೀನ್ ಕಾರ್ಡ್..."

ಸುಜಾತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಅಯ್ಯೋ ದೇವರೇ. ಆ ಹುಡುಗನ ಮೇಲೆಯಾ? ಇವರು ಕಲಿಸಿದ ಹುಡುಗ. ಬೆಳಿಗ್ಗೆ ನಾನೇ ಬಂದು ಹೇಳ್ತೇನೆ. ಎಲ್ಲರ ಮುಂದೆ ಹೇಳ್ತೇನೆ."

ಸ್ಮಿತಾಳ ತಲೆಯಲ್ಲಿ ಕಾರ್ಲನ ಗರಾಜಿನ ಮಾತು ಸುತ್ತುತ್ತಿತ್ತು.

"ಆಂಟಿ, ಅಂಕಲ್ ಅದನ್ನ ಕೇಳಿಸಿಕೊಂಡೇ ಮುಖ ತಿರುಗಿಸಿದ್ದು. ಕೇಳದವರು ತಿರುಗ್ತಾರಾ? ಗಾಳಿಯಲ್ಲಿ ಊದಿದ್ರೆ ಸ್ವರ ಇಳಿಯುತ್ತೆ. ಅದು ಎಡ್ನಾ ದನಿ ಅಲ್ಲ ಅಂತ ಅವರಿಗೆ ಗೊತ್ತಾಗಿದೆ."

ಸುಜಾತಾ ಅವಳನ್ನೇ ನೋಡಿದರು.

"ಥೆರಪಿಗೆ ಕರ್ಕೊಂಡು ಹೋಗ್ತಿರಬೇಕಲ್ಲ, ವ್ಯಾನಿನಲ್ಲಿ?"

"ಅದಕ್ಕೆ ಮಾತ್ರ ಬರ್ತಾರೆ. ಬೇರೆ ಎಲ್ಲಿಗೂ ಇಲ್ಲ."

"ಹಳೇ ಗಿರಣಿ ಹತ್ರ ರೈಲು ರಸ್ತೆ ದಾಟುತ್ತಲ್ಲ, ಅಲ್ಲಿ ಮೇಪಲ್ ಮರಗಳ ಹಿಂದೆ ವ್ಯಾನ್ ನಿಲ್ಲಿಸಿದ್ರೆ ಯಾರಿಗೂ ಕಾಣಲ್ಲ. ಅಲ್ಲಿ ಸೀಟಿ ಹೊಡೀಲೇಬೇಕು. ಉಗಿಯಲ್ಲಿ."

*

ಭಾನುವಾರ ಬೆಳಿಗ್ಗೆ ಈಶಣ್ಣ ನಸುಕಿನಲ್ಲೇ ಬಂದು ಎಡ್ನಾಳಿಗೆ ಬೆಂಕಿ ಹಾಕಿದ್ದ. ಅವನ ಕಣ್ಣು ಕೆಂಡದಂತಿತ್ತು. ಡೆವ್ರೀಸ್ ಫೋನು ಕೈಯಲ್ಲಿ ಹಿಡಿದು ಓಡಾಡುತ್ತಿದ್ದ. ಪೊಲೀಸರ ನಂಬರು ಒತ್ತುವ ಮನಸ್ಸು ಅವನಿಗೂ ಇರಲಿಲ್ಲ.

ಸುಜಾತಾ ಮಗುವನ್ನು ಎತ್ತಿಕೊಂಡವರಂತೆ ಟವೆಲ್ಲಿನ ಗಂಟು ಎತ್ತಿಕೊಂಡು ಶೆಡ್ಡಿನೊಳಗೆ ಬಂದರು. ನೇರವಾಗಿ ಡೆವ್ರೀಸ್ ಮುಂದೆ ನಿಂತು, ಇಂಗ್ಲಿಷಿನಲ್ಲಿ, ತಡೆಯದೆ ಎಲ್ಲವನ್ನೂ ಹೇಳಿದರು. ತೆಗೆದದ್ದು ನಾನು. ಕೀ ಮೋನಪ್ಪನದು. ಮೋನಪ್ಪ ಊರಿಗೆ ಹೋಗಿಲ್ಲ. ಆಮೇಲೆ ಈಶಣ್ಣನ ಕಡೆ ತಿರುಗಿದರು.

"ನಿನ್ನ ಹೆಸರು ಬರ್ತದೆ ಅಂತ ನನಗೆ ಗೊತ್ತಿರಲಿಲ್ಲ ಮಗ. ಗೊತ್ತಿದ್ದರೆ ಕೈ ಕಡಿದರೂ ಮುಟ್ಟುತ್ತಿರಲಿಲ್ಲ."

ಈಶಣ್ಣ ಬಗ್ಗಿ ಅವರ ಪಾದ ಮುಟ್ಟಿದ. ಮೇಲೆದ್ದು, ಕಣ್ಣೊರೆಸಿಕೊಂಡು, ಏಣಿ ತರಲು ಹೋದ.

ಡೆವ್ರೀಸ್ ಸೀಟಿಯನ್ನು ನೋಡಲೇ ಇಲ್ಲ.

"ಮೋನಪ್ಪ ಇಲ್ಲೇ ಇದ್ದಾನೆಯೇ?" ಎಂದ. "ಇಷ್ಟು ದಿನವೂ ಇಲ್ಲೇ? ನನಗೊಂದು ಮಾತು ಹೇಳದೆ ಹೊರಟುಹೋದನಲ್ಲ ಎಂದು ಬೇಸಿಗೆಯೆಲ್ಲ ಅವನ ಮೇಲೆ ಮುನಿಸಿಕೊಂಡಿದ್ದೆ." ಬೆಂಚಿಗೆ ಕೈಯೂರಿ ನಿಂತ. ಕೆಂಪು ಬಟ್ಟೆ ಇನ್ನೂ ಹಾಗೆಯೇ ಹಾಸಿತ್ತು. "ಅವನನ್ನು ನೋಡಬಹುದೇ?"

"ಇವತ್ತು ಬೇಡ," ಎಂದಳು ಸ್ಮಿತಾ. "ಇವತ್ತು ಅವರು ಕೇಳಲಿ. ನೋಡುವುದು ಆಮೇಲೆ."

ಡೆವ್ರೀಸ್ ತಲೆಯಾಡಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ: "ಸೀಟಿ ಪಾಲಿಶ್‌ಗೆ ಹೋಗಿತ್ತು. ಬಂದಿದೆ. ಯಾರಾದರೂ ಅದನ್ನು ಜಾಗದಲ್ಲಿ ಕೂರಿಸುತ್ತೀರಾ?"

*

ಹಳೇ ಗಿರಣಿಯ ಹತ್ತಿರ ಮರಗಳೆಲ್ಲ ಕೆಂಪಾಗಿದ್ದವು. ಎಲೆಗಳು ಸುಮ್ಮನೆ ಉದುರುತ್ತಿದ್ದವು. ಮೇಪಲ್ ಮರಗಳ ಹಿಂದೆ ನಿಹಾಲ್ ವ್ಯಾನು ನಿಲ್ಲಿಸಿ, ಪಕ್ಕದ ಬಾಗಿಲು ಸರಿಸಿಟ್ಟಿದ್ದ. ಗಾಲಿಕುರ್ಚಿಯಲ್ಲಿ ಮೋನಪ್ಪ, ಪಕ್ಕದಲ್ಲಿ ಸುಜಾತಾ. ಥೆರಪಿಗೆಂದು ಹೊರಟು ಇಲ್ಲೇಕೆ ನಿಂತರೆಂದು ಮೋನಪ್ಪ ಕಣ್ಣಲ್ಲೂ ಕೇಳಲಿಲ್ಲ. ಯಾವುದನ್ನೂ ಕೇಳುವುದನ್ನು ಬಿಟ್ಟಿದ್ದರು. ಕಣ್ಣು ತಮ್ಮ ಮೊಣಕಾಲಿನ ಮೇಲೆ.

ಸ್ಮಿತಾ ಮತ್ತು ಬಸಲಿಂಗಮ್ಮ ಅವರಿಗೆ ಕಾಣದಂತೆ ವ್ಯಾನಿನ ಹಿಂದೆ ನಿಂತಿದ್ದರು. ಸ್ಮಿತಾಳ ಕೈಯಲ್ಲಿ ರೈಲಿನ ವಾಕಿಟಾಕಿ.

ಮೊದಲು ಹಳಿ ಸಣ್ಣಗೆ ಗುನುಗಿತು. ಆಮೇಲೆ ಉಸಿರು. ಛಕ್, ಛಕ್. ಮರಗಳ ಮೇಲೆ ಬಿಳಿ ಹೊಗೆ ಕಂಡಿತು.

ಸೀಟಿ ಕೂಗಿತು.

ಉದ್ದ. ಉದ್ದ. ಗಿಡ್ಡ. ಮತ್ತೆ ಒಂದು ಉದ್ದ. ಎದೆಯ ಗೂಡೆಲ್ಲ ನಡುಗಿತು. ಬಸಲಿಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸ್ಮಿತಾಳಿಗೆ ಕಣ್ಣು ಮಂಜಾಯಿತು. ಅಪ್ಪ ಬಂದ, ಎಂದು ಮನಸ್ಸು ತಾನಾಗಿ ಅಂದಿತು.

ರೈಲು ಕಣ್ಣಮುಂದೆ ದಾಟಿತು. ಹಳೆಯ ಡಬ್ಬಿಗಳು, ಕೈ ಬೀಸುವ ಮಕ್ಕಳು, ಕೊನೆಗೆ ಕೆಂಪು ಗಾರ್ಡ್ ಡಬ್ಬಿ. ಸುಜಾತಾ ಗಂಡನ ಮುಖವನ್ನೇ ನೋಡುತ್ತಿದ್ದರು.

ಮೋನಪ್ಪ ತಲೆಯೆತ್ತಿದ್ದರು. ಹುಬ್ಬು ಗಂಟಿಕ್ಕಿತ್ತು. ತುಟಿ ಒಂದು ಕಡೆಗೆ ಎಳೆದುಕೊಂಡು ನಡುಗಿತು. ಏನನ್ನೋ ಹೊರಗೆ ತಳ್ಳಲು ಹೆಣಗಾಡಿತು.

"ಬೇ... ಬೇಗ," ಎಂದರು. "ಬೇಗ... ಬಿಟ್ಟ."

ಸುಜಾತಾ ನಗತೊಡಗಿದರು. ನಗುತ್ತ ನಗುತ್ತಲೇ ಅಳತೊಡಗಿದರು. ಆರು ತಿಂಗಳ ಮೇಲೆ ಬಾಯಿ ಬಿಟ್ಟ ಗಂಡ ಅಂದದ್ದು ಶಿಷ್ಯನ ತಪ್ಪು. ಹಗ್ಗ ಬೇಗ ಬಿಟ್ಟನಂತೆ!

ಸ್ಮಿತಾ ವಾಕಿಟಾಕಿ ಒತ್ತಿದಳು. "ಈಶಣ್ಣ, ಕೇಳ್ತೀರೇನು? ಕೊನೇ ಸೀಟಿ ಬೇಗ ಬಿಟ್ರಿ ಅಂತ ನಿಮ್ಮ ಗುರುಗಳು ಬೈಯಾಕತ್ಯಾರ."

ಆ ಕಡೆ ಬರಿ ಗಾಲಿಯ ಸದ್ದು.

ಕಾಡಿನ ತಿರುವಿನ ಆಚೆಯಿಂದ ಸೀಟಿ ಮತ್ತೆ ಕೂಗಿತು. ಉದ್ದ. ಉದ್ದ. ಗಿಡ್ಡ. ಆಮೇಲೆ ಕೊನೆಯದು. ಈ ಸಲ ಈಶಣ್ಣ ಹಗ್ಗ ಬಿಡಲಿಲ್ಲ. ದನಿ ತೆಳುವಾಗುತ್ತ, ತಗ್ಗುತ್ತ, ಮರಗಳ ನಡುವೆ ಹೋಗುತ್ತಲೇ ಇತ್ತು.

ಮೋನಪ್ಪನ ಎಡಗೈ ಮೇಲೆ ಎದ್ದಿತ್ತು. ಬೆರಳು ಯಾವುದೋ ಹಗ್ಗ ಹಿಡಿದಂತೆ ಮಡಚಿಕೊಂಡಿದ್ದವು. ದನಿ ಇಳಿದ ಹಾಗೆಲ್ಲ ಕೈಯೂ ಇಳಿಯಿತು. ಏನೂ ಕೇಳಿಸದಾದ ಮೇಲೆ ಅದು ಮೆಲ್ಲಗೆ ಮಡಿಲಿಗೆ ಬಂದು ಬಿಚ್ಚಿಕೊಂಡಿತು.